ಚೆಸ್ಟ್ ಎಕ್ಸ್‌ರೇ, ಸಿಟಿಯಲ್ಲಿ ಪಲ್ಮನರಿ ಹೈಪರ್‌ಟೆನ್ಷನ್ ಹಿಡಿಯೋದು ಹೇಗೆ, ಎಲ್ಲೆಲ್ಲಿ ಕೈತಪ್ಪುತ್ತೆ

ಪಲ್ಮನರಿ ಹೈಪರ್‌ಟೆನ್ಷನ್ (ಹಾರ್ಟಿಂದ ಲಂಗ್‌ಗೆ ರಕ್ತ ಒಯ್ಯೋ ಪಲ್ಮನರಿ ಆರ್ಟರಿಯಲ್ಲಿ ಪ್ರೆಷರ್ ಜಾಸ್ತಿ ಆಗೋದು) ಇರೋರಿಗೆ ಏದುಸಿರು ಶುರುವಾದಾಗಿಂದ ಕಾಯಿಲೆ ಇದೇ ಅಂತ ಗೊತ್ತಾಗೋವರೆಗೆ ಸರಾಸರಿ ಎರಡು ವರ್ಷಕ್ಕೂ ಜಾಸ್ತಿ ಹಿಡಿಯುತ್ತೆ, ಬೇಜಾರಿನ ವಿಷಯ ಏನಂದ್ರೆ ಆ ಎರಡು ವರ್ಷದಲ್ಲಿ ಎಕ್ಸ್‌ರೇ ಆಗಿರುತ್ತೆ, ಎಷ್ಟೋ ಜನಕ್ಕೆ ಸಿಟಿನೂ ಆಗಿರುತ್ತೆ. ಹಳೆ ಸಿಡಿ ಹಾಕಿ ನೋಡಿದ್ರೆ ಮೇನ್ ಪಲ್ಮನರಿ ಆರ್ಟರಿ ಪಕ್ಕದಲ್ಲಿರೋ, ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ನಾಳ ಅಯೋರ್ಟಾಗಿಂತ ದಪ್ಪ ಕೂತಿರುತ್ತೆ, ರಿಪೋರ್ಟಲ್ಲಿ ಮಾತ್ರ ಅದರ ಬಗ್ಗೆ ಒಂದು ಲೈನೂ ಇರಲ್ಲ. ಯಾಕಂದ್ರೆ ಸಿಟಿ ಕೇಳಿದ್ದು ಕೆಮ್ಮಿಗೆ, ಇಲ್ಲಾ ಟಿಬಿ ಡೌಟಿಗೆ, ಇಲ್ಲಾ ಹಳೆ ನಾಡ್ಯೂಲ್ ಫಾಲೋಅಪ್‌ಗೆ, ಲಂಗ್ ವಿಂಡೋ (ಲಂಗ್ ಚೆನ್ನಾಗಿ ಕಾಣೋ ಸೆಟ್ಟಿಂಗ್) ನೋಡಿ ಅಲ್ಲಿಗೇ ಮುಗಿಸಿರ್ತಾರೆ. ಅದಕ್ಕೇ ನಾನು ಹೇಳೋದು ಇಷ್ಟೇ: ಯಾವ ಕಾರಣಕ್ಕೆ ಚೆಸ್ಟ್ ಸಿಟಿ ಆದ್ರೂ ಪಲ್ಮನರಿ ಆರ್ಟರಿ ಅಳತೆ ತಗೊಳ್ಳಿ, ಜಾಸ್ತಿ ಬಂದ್ರೆ ಹಾರ್ಟ್ ನೋಡಿ, ಹಾರ್ಟೂ ಹೌದು ಅಂದ್ರೆ ಕಾರಣ ಅದೇ ಸಿಟಿಯಲ್ಲಿ ಹುಡುಕಿ. ರೇಡಿಯಾಲಜಿ ಪಿಜಿಗಳು, ಡ್ಯೂಟಿ ಡಾಕ್ಟರ್‌ಗಳು, ತಾಲ್ಲೂಕು ಆಸ್ಪತ್ರೆಲಿ ಒಬ್ರೇ ಕೂತು ಫಿಲಂ ನೋಡೋರು, ಇವರಿಗೆಲ್ಲ ಕೆಲಸಕ್ಕೆ ಬರ್ಲಿ ಅಂತ ಬರೀತಿದೀನಿ.

ಒಂದು ವಿಷಯ ಮೊದಲೇ ಕ್ಲಿಯರ್ ಮಾಡ್ಕೊಳ್ಳೋಣ. ಈ ಕಾಯಿಲೆ ಅಂದ್ರೆ ಪಲ್ಮನರಿ ಆರ್ಟರಿಯ ಮೀನ್ ಪ್ರೆಷರ್ 20 ಎಂಎಂ ಎಚ್‌ಜಿಗಿಂತ ಜಾಸ್ತಿ ಇರೋದು, ಅದನ್ನ ಅಳೆಯೋದು ರೈಟ್ ಹಾರ್ಟ್ ಕ್ಯಾಥೆಟರ್ ಹಾಕಿ. ಮೊದಲು 25 ಅಂತ ಇತ್ತು, 2018ರಲ್ಲಿ ಫ್ರಾನ್ಸ್‌ನ ನೀಸ್‌ನಲ್ಲಿ ನಡೆದ ವರ್ಲ್ಡ್ ಸಿಂಪೋಸಿಯಂನಲ್ಲಿ 20ಕ್ಕೆ ಇಳಿಸೋಣ ಅಂದ್ರು, 2022ರ ಯುರೋಪಿಯನ್ ಗೈಡ್‌ಲೈನ್ ಅದನ್ನೇ ಒಪ್ಕೊಳ್ತು. ಎಕ್ಸ್‌ರೇ ಆಗ್ಲಿ ಸಿಟಿ ಆಗ್ಲಿ ಪ್ರೆಷರ್ ತೋರ್ಸಲ್ಲ, ಪ್ರೆಷರ್‌ನಿಂದ ಆರ್ಟರಿಗೂ, ಅದಕ್ಕೆ ರಕ್ತ ತಳ್ಳೋ ಹಾರ್ಟಿನ ಬಲಗಡೆ ಕೋಣೆ ರೈಟ್ ವೆಂಟ್ರಿಕಲ್‌ಗೂ ಏನಾಗಿದೆ ಅನ್ನೋದನ್ನ ತೋರ್ಸುತ್ತೆ. ಹಾಗಾಗಿ ಎಕ್ಸ್‌ರೇ ನಾರ್ಮಲ್ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಬರೆಯಂಗಿಲ್ಲ, ಶುರುವಿನಲ್ಲಿ ಫಿಲಂ ಪೂರ್ತಿ ನಾರ್ಮಲ್ ಇರಬಹುದು. ಆರ್ಟರಿ ದಪ್ಪ ಇದೆ ಅಂತ ಕಂಡ ತಕ್ಷಣ ಕಾಯಿಲೆ ಇದ್ದೇ ಇದೆ ಅಂತ ಸ್ಟ್ಯಾಂಪ್ ಹೊಡೆಯೋದೂ ಅಷ್ಟೇ ತಪ್ಪು.

ಮೊದಲು ಫಿಲಂ ಸರಿ ಇದ್ಯಾ ನೋಡಿ

ಹೈಲಮ್ (ಲಂಗ್‌ಗೆ ರಕ್ತನಾಳಗಳು ಸೇರೋ ಜಾಗ) ದಪ್ಪ ಕಾಣ್ತಿದೆ ಅಂದ ತಕ್ಷಣ ಕಾಯಿಲೆ ಹುಡುಕೋಕೆ ಹೋಗ್ಬೇಡಿ, ಫಿಲಂ ಹೇಗೆ ತೆಗೆದಿದ್ದಾರೆ ನೋಡಿ. ನಿಂತು, ಬೆನ್ನಿಂದ ಎದೆ ಕಡೆಗೆ ಕಿರಣ ಬಿಟ್ಟು ತೆಗೆದ ಪಿಎ ವ್ಯೂನಾ ಅಥವಾ ಬೆಡ್ ಮೇಲೆ ಮಲಗಿಸಿ, ಎದೆಯಿಂದ ಬೆನ್ನಿನ ಕಡೆಗೆ ಬಿಟ್ಟು ತೆಗೆದ ಎಪಿನಾ? ಎಪಿಲಿ ಹಾರ್ಟು, ಹೈಲಮ್ಮು ಎಲ್ಲ ದೊಡ್ಡದಾಗೇ ಕಾಣುತ್ತೆ. ಎರಡೂ ಕ್ಲಾವಿಕಲ್ (ಕೊರಳೆಲುಬು) ತುದಿಗಳು ಬೆನ್ನೆಲುಬಿನ ಸ್ಪೈನಸ್ ಪ್ರೊಸೆಸ್‌ನಿಂದ ಒಂದೇ ದೂರದಲ್ಲಿ ಇಲ್ಲ ಅಂದ್ರೆ ಪೇಷಂಟ್ ತಿರುಗಿದ್ದಾರೆ, ಆಗ ಒಂದು ಕಡೆ ಹೈಲಮ್ ಸುಮ್ಸುಮ್ನೆ ಉಬ್ಬಿದ ಹಾಗೆ ಕಾಣುತ್ತೆ. ಉಸಿರು ಪೂರ್ತಿ ಎಳ್ಕೊಂಡಿಲ್ಲ ಅಂದ್ರೆ ವೆಸೆಲ್‌ಗಳೆಲ್ಲ ಒತ್ತೊತ್ತಾಗಿ ಹಾರ್ಟ್ ಅಗಲ ಆಗುತ್ತೆ, ಹಿಂದಿನ ಪಕ್ಕೆಲುಬು 9 ಅಥವಾ 10 ಲೆಕ್ಕ ಸಿಕ್ಕಿದ್ರೆ ಮಾತ್ರ ಮುಂದಕ್ಕೆ ಹೋಗಿ.

ನಮ್ಮ ಕಡೆ ಇನ್ನೊಂದು ತೊಂದ್ರೆ ಇದೆ, ಇದನ್ನ ಪುಸ್ತಕದಲ್ಲಿ ಬರೆದಿರಲ್ಲ. ಡಿಜಿಟಲ್ ಎಕ್ಸ್‌ರೇ ಬಂದ್ಮೇಲೆ ಪ್ರಿಂಟ್ ಕೊಡೋದು ಸಣ್ಣ ಸೈಜಲ್ಲಿ, ಎದೆಯ ನಿಜವಾದ ಸೈಜಿಗಿಂತ ಕುಗ್ಗಿಸಿ. ಅದರ ಮೇಲೆ ಸ್ಕೇಲ್ ಇಟ್ಟು ರೈಟ್ ಡಿಸೆಂಡಿಂಗ್ ಆರ್ಟರಿ 12 ಎಂಎಂ ಇದೆ ನಾರ್ಮಲ್ ಅಂತ ಹೇಳಿದ್ರೆ ಆ ಅಳತೆಗೆ ಅರ್ಥಾನೇ ಇಲ್ಲ. ವಾಟ್ಸಾಪಲ್ಲಿ ಬಂದ ಫೋಟೋನೂ ಅಷ್ಟೇ, ಅದರಲ್ಲಿ ಆಕಾರ ನೋಡಬಹುದು, ಅಳತೆ ತಗೊಳ್ಳೋಕಾಗಲ್ಲ. ಅಳೆಯೋದಿದ್ರೆ ವರ್ಕ್‌ಸ್ಟೇಷನ್‌ನಲ್ಲಿ ಒರಿಜಿನಲ್ ಇಮೇಜ್ ಮೇಲೆ ಅಳೀರಿ.

ಎಕ್ಸ್‌ರೇಲಿ ಏನು ನೋಡೋದು

ಫಿಲಂ ಸರಿ ಇದೆ ಅಂತಾದ್ಮೇಲೆ ಎಡಗಡೆ ಮೆಡಿಯಾಸ್ಟೈನಮ್ (ಎರಡು ಲಂಗ್ ನಡುವಿನ ಭಾಗ) ಅಂಚಿನ ಮೇಲೆ ಕಣ್ಣು ಮೇಲಿಂದ ಕೆಳಗೆ ಇಳಿಸಿ. ಮೊದಲು ಅಯೋರ್ಟಿಕ್ ನಕಲ್, ಅದರ ಕೆಳಗೆ ಪಲ್ಮನರಿ ಆರ್ಟರಿ ಸೆಗ್ಮೆಂಟ್, ಅದರ ಕೆಳಗೆ ಲೆಫ್ಟ್ ಏಟ್ರಿಯಲ್ ಅಪೆಂಡೇಜ್ ಇರೋ ಜಾಗ, ಆಮೇಲೆ ವೆಂಟ್ರಿಕಲ್. ದೊಡ್ಡವರಲ್ಲಿ ಎರಡನೇ ಜಾಗ ಒಳಕ್ಕೆ ತಗ್ಗಿರ್ಬೇಕು ಅಥವಾ ನೇರ ಇರ್ಬೇಕು, ಅಲ್ಲಿ ಹೊರಕ್ಕೆ ಉಬ್ಬಿದ್ರೆ ಮೇನ್ ಪಲ್ಮನರಿ ಆರ್ಟರಿ ದೊಡ್ಡದಾಗಿದೆ ಅಂತ ಅನುಮಾನ ಪಡಿ. ಆದ್ರೆ ಹದಿಹರೆಯದವರಲ್ಲಿ, ತೆಳ್ಳಗಿರೋ ಚಿಕ್ಕ ವಯಸ್ಸಿನ ಹೆಣ್ಮಕ್ಕಳಲ್ಲಿ ಅಲ್ಲಿ ಸ್ವಲ್ಪ ಉಬ್ಬು ನಾರ್ಮಲ್ ಆಗೇ ಇರುತ್ತೆ, 19 ವರ್ಷದ ಹುಡುಗಿಗೆ ಬರೀ ಇದೊಂದನ್ನೇ ನೋಡ್ಕೊಂಡು ಹೆದರಿಸ್ಬೇಡಿ.

ಆಮೇಲೆ ಬಲಗಡೆ ಡಿಸೆಂಡಿಂಗ್ ಆರ್ಟರಿ. ಬ್ರಾಂಕಸ್ ಇಂಟರ್‌ಮೀಡಿಯಸ್‌ನ ಕಪ್ಪು ಗಾಳಿ ಕೊಳವೆ ಸಿಗುತ್ತಲ್ಲ, ಅದರ ಹೊರ ಅಂಚಿಗೆ ಅಂಟಿಕೊಂಡು ಕೆಳಗಿಳಿಯೋ ಬಿಳಿ ಪಟ್ಟಿನೇ ಆ ಆರ್ಟರಿ. ಅಗಲ ಜಾಸ್ತಿ ಇರೋ ಕಡೆ ಅಡ್ಡಕ್ಕೆ ಅಳೀರಿ, ಗಂಡಸರಲ್ಲಿ 16 ಎಂಎಂ, ಹೆಂಗಸರಲ್ಲಿ 15 ಎಂಎಂ ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಎಡಗಡೆ ಡಿಸೆಂಡಿಂಗ್ ಆರ್ಟರಿ 18 ದಾಟಿದ್ರೆ ಜಾಸ್ತಿ ಅಂತಾರೆ, ಆದ್ರೆ ಅದು ಹಾರ್ಟ್ ಹಿಂದೆ ಅರ್ಧ ಮುಚ್ಚಿಹೋಗಿರುತ್ತೆ, ನಾನು ಬಲಗಡೆದನ್ನೇ ನಂಬ್ತೀನಿ.

ಮೂರನೇದು ಪ್ರೂನಿಂಗ್. ಒಳಗಡೆ ಹೈಲಮ್ ಹತ್ರ ಆರ್ಟರಿ ದಪ್ಪ ದಪ್ಪ, ಹೊರಗಡೆ ಮೂರನೇ ಒಂದು ಭಾಗದಲ್ಲಿ ವೆಸೆಲ್‌ಗಳೇ ಕಾಣ್ತಿಲ್ಲ, ಕೊಂಬೆ ಎಲ್ಲ ಸವರಿ ಬರೀ ಕಾಂಡ ಬಿಟ್ಟ ಮರದ ಥರ ಇರುತ್ತೆ. ಇದು ಕಂಡ್ರೆ ಪ್ರೆಷರ್ ಜಾಸ್ತಿ ಇರೋ ಸಾಧ್ಯತೆ ಬಹಳ, ಆದ್ರೆ ಇದು ಕಾಣೋಕಾಗೋದು ಕಾಯಿಲೆ ಮುಂದುವರೆದ ಮೇಲೆ. ಕೊನೆಗೆ ಲ್ಯಾಟರಲ್ ವ್ಯೂ ಇದ್ರೆ ಸ್ಟರ್ನಮ್ ಹಿಂದಿನ ಕಪ್ಪು ಜಾಗ ನೋಡಿ, ಕೆಳಗಿನ ಮೂರನೇ ಒಂದು ಭಾಗಕ್ಕಿಂತ ಮೇಲಕ್ಕೆ ಹಾರ್ಟ್ ಸ್ಟರ್ನಮ್‌ಗೆ ಅಂಟಿಕೊಂಡು ಹತ್ತಿದ್ರೆ ರೈಟ್ ವೆಂಟ್ರಿಕಲ್ ದೊಡ್ಡದಾಗಿದೆ. ಈಗ ಲ್ಯಾಟರಲ್ ಯಾರೂ ತೆಗೆಸಲ್ಲ, ಆದ್ರೂ ಡೌಟ್ ಇದ್ದು ಸಿಟಿ ಇಲ್ಲದ ಊರಲ್ಲಿ ಇದ್ರೆ ಒಂದು ಲ್ಯಾಟರಲ್ ತೆಗೆಸಿ, ಖರ್ಚು ಏನೂ ಜಾಸ್ತಿ ಇಲ್ಲ.

ಸಿಓಪಿಡಿ (ಉಸಿರ್ನಾಳ ಕಿರಿದಾಗಿ ಬಹಳ ದಿನ ಕಾಡೋ ಲಂಗ್ ಕಾಯಿಲೆ) ಪೇಷಂಟಲ್ಲಿ ಇವುಗಳಲ್ಲಿ ಅರ್ಧಕ್ಕರ್ಧ ಕೈ ಕೊಡುತ್ತೆ. ಲಂಗ್ ಉಬ್ಬಿ ಡಯಾಫ್ರಮ್ ಕೆಳಗಿಳಿದು ಹಾರ್ಟ್ ಉದ್ದಕ್ಕೆ ತೆಳ್ಳಗೆ ನೇತಾಡ್ತಿರುತ್ತೆ, ಕಾರ್ಡಿಯೋಥೊರಾಸಿಕ್ ರೇಶಿಯೋ (ಎದೆ ಅಗಲದಲ್ಲಿ ಹಾರ್ಟ್ ಅಗಲ ಎಷ್ಟು ಅನ್ನೋದು) ನಾರ್ಮಲ್ ಬರುತ್ತೆ, ಸ್ಟರ್ನಮ್ ಹಿಂದಿನ ಜಾಗವೂ ಎಂಫಿಸೀಮಾದಿಂದ ಕಪ್ಪಾಗೇ ಇರುತ್ತೆ, ಒಳಗೆ ರೈಟ್ ವೆಂಟ್ರಿಕಲ್ ಸೋತಿದ್ರೂ ಫಿಲಂ ಬಾಯಿ ಬಿಡಲ್ಲ. ಇವರಲ್ಲಿ ಹಳೆ ಫಿಲಂ ಪಕ್ಕದಲ್ಲಿಟ್ಟು ನೋಡೋದೇ ಒಳ್ಳೆ ದಾರಿ, ಹೋದ ವರ್ಷಕ್ಕಿಂತ ಈ ವರ್ಷ ಹಾರ್ಟ್ ಅಗಲ ಆಗಿದ್ಯಾ, ಹೈಲಮ್ ದಪ್ಪ ಆಗಿದ್ಯಾ ಅಂತ. ಟಿಬಿ ಬಂದು ಹೋಗಿ ಮೇಲ್ಭಾಗ ಫೈಬ್ರೋಸಿಸ್ ಆಗಿರೋರಲ್ಲೂ ಹೈಲಮ್ ಮೇಲಕ್ಕೆ ಎಳ್ಕೊಂಡು ಹೋಗಿರುತ್ತೆ, ಅಲ್ಲಿ ಆರ್ಟರಿ ಅಳತೆ ತಗೊಂಡು ಏನೂ ಪ್ರಯೋಜನ ಇಲ್ಲ.

ಆರ್ಟರಿನಾ, ಲಿಂಫ್ ನೋಡಾ?

ಅತೀ ಹೆಚ್ಚು ತಪ್ಪಾಗೋದು ಇಲ್ಲೇ. ಎರಡೂ ಹೈಲಮ್ ದಪ್ಪ ಇದೆ ಅಂದ್ರೆ ನಮ್ಮ ದೇಶದಲ್ಲಿ ಎಲ್ಲರ ತಲೆಗೆ ಮೊದಲು ಬರೋದು ಟಿಬಿ ನೋಡ್ (ಊದಿದ ಲಿಂಫ್ ಗಂಟು), ಆಮೇಲೆ ಸಾರ್ಕಾಯ್ಡ್. ಕಫ ನೆಗೆಟಿವ್ ಬಂದ್ರೂ ಎಷ್ಟೋ ಜನಕ್ಕೆ ಆರು ತಿಂಗಳು ಟಿಬಿ ಮಾತ್ರೆ ಶುರು ಮಾಡಿಬಿಡ್ತಾರೆ, ಏದುಸಿರು ಮಾತ್ರ ಹಾಗೇ ಇರುತ್ತೆ. ನೋಡ್ ಆದ್ರೆ ಅಂಚು ಗುಡ್ಡ ಗುಡ್ಡವಾಗಿ ಉಬ್ಬುಬ್ಬಾಗಿರುತ್ತೆ, ಬಲಗಡೆ ಪ್ಯಾರಾಟ್ರೇಕಿಯಲ್ ಜಾಗನೂ ದಪ್ಪ ಆಗಿರೋದು ಸಾಮಾನ್ಯ. ಆರ್ಟರಿ ಆದ್ರೆ ಅಂಚು ನುಣುಪು, ಕೆಳಗೆ ಹೋಗ್ತಾ ಹೋಗ್ತಾ ಸಣ್ಣದಾಗುತ್ತೆ, ಅದರ ಹೊರ ಅಂಚಿಗೆ ಬಂದು ಸಣ್ಣ ವೆಸೆಲ್‌ಗಳು ಸೇರ್ಕೊಳ್ತವೆ. ಆ ವೆಸೆಲ್‌ಗಳು ನೆರಳಿನ ಅಂಚಿಗೇ ಸೇರಿ ನಿಂತ್ರೆ ನೆರಳೇ ಆರ್ಟರಿ, ನೆರಳನ್ನ ದಾಟಿ ಒಳಗೆ ಹಾರ್ಟ್ ಕಡೆಗೆ ಹೋಗ್ತಿರೋದು ಕಂಡ್ರೆ ಮುಂದೋ ಹಿಂದೋ ಬೇರೆ ಗಡ್ಡೆ ಇದೆ ಅಂತ. ಇದಕ್ಕೆ ಹೈಲಮ್ ಕನ್ವರ್ಜೆನ್ಸ್ ಸೈನ್ ಅಂತಾರೆ. ಸಿಟಿಯಲ್ಲಿ ಕಾಂಟ್ರಾಸ್ಟ್ ಹಾಕಿದ್ರೆ ಈ ಗೊಂದಲ ಇರಲ್ಲ.

ಪ್ರೆಷರ್ರಾ, ಬರೀ ಫ್ಲೋನಾ?

ಎಎಸ್‌ಡಿ (ಹಾರ್ಟಿನ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ತೂತು) ಥರ ಎಡದಿಂದ ಬಲಕ್ಕೆ ರಕ್ತ ಹರಿಯೋ ಶಂಟ್ ಇದ್ರೂ ಆರ್ಟರಿ ದೊಡ್ಡದಾಗುತ್ತೆ. ವ್ಯತ್ಯಾಸ ಹೊರಗಡೆ ಮೂರನೇ ಒಂದು ಭಾಗದಲ್ಲಿ ಸಿಗುತ್ತೆ: ಫ್ಲೋ ಜಾಸ್ತಿ ಇದ್ರೆ ವೆಸೆಲ್‌ಗಳು ತುದಿವರೆಗೂ ದಪ್ಪ ಇರ್ತವೆ, ಪ್ರೆಷರ್ ಆದ್ರೆ ತುದಿಯಲ್ಲಿ ಸಣಕಲು. ಎಎಸ್‌ಡಿಯಲ್ಲಿ ಅಯೋರ್ಟಿಕ್ ನಕಲ್ ಸಣ್ಣದಾಗಿ ಕಾಣೋದೂ ಒಂದು ಸುಳಿವು. ಶಂಟನ್ನ ವರ್ಷಗಟ್ಟಲೆ ಹಾಗೇ ಬಿಟ್ರೆ ಅದೇ ಪ್ರೆಷರ್ ಕಾಯಿಲೆಯಾಗಿ ತಿರುಗಿ ಐಸೆನ್‌ಮೆಂಗರ್ ಆಗುತ್ತೆ, ಆಗ ಆರ್ಟರಿ ಗೋಡೆಯಲ್ಲೇ ಕ್ಯಾಲ್ಸಿಯಂ ಕಾಣಬಹುದು. ಪಲ್ಮನರಿ ವಾಲ್ವ್ ಸ್ಟೆನೋಸಿಸ್ ಇದ್ರೆ ಮೇನ್ ಮತ್ತೆ ಎಡ ಆರ್ಟರಿ ಮಾತ್ರ ಉಬ್ಬಿ ಬಲಗಡೆದು ನಾರ್ಮಲ್ ಇರುತ್ತೆ, ಎರಡು ಕಡೆ ಹೋಲಿಸಿ ನೋಡಿ.

ಸಿಟಿಯಲ್ಲಿ ಅಳತೆ, ನಿಧಾನವಾಗಿ

ಮೆಡಿಯಾಸ್ಟೈನಲ್ ವಿಂಡೋ ಹಾಕಿ, ಆಕ್ಸಿಯಲ್ ಸ್ಲೈಸ್‌ನಲ್ಲಿ ಕೆಳಗಿಂದ ಮೇಲಕ್ಕೆ ಸ್ಕ್ರಾಲ್ ಮಾಡ್ತಾ ಬನ್ನಿ. ರೈಟ್ ವೆಂಟ್ರಿಕಲ್‌ನಿಂದ ಹೊರಟ ಪಲ್ಮನರಿ ಟ್ರಂಕ್ (ಮೇನ್ ಪಲ್ಮನರಿ ಆರ್ಟರಿನೇ) ಹಿಂದಕ್ಕೆ ಬಾಗಿ ಎರಡಾಗಿ ಒಡೆಯೋ ಜಾಗ ಸಿಗುತ್ತೆ, ಬಲ ಆರ್ಟರಿ ಅಸೆಂಡಿಂಗ್ ಅಯೋರ್ಟಾ ಹಿಂದೆ ಅಡ್ಡ ಮಲಗಿರೋದು ಪೂರ್ತಿ ಕಾಣೋ ಸ್ಲೈಸ್ ಅದು. ಅಲ್ಲಿ ನಿಲ್ಲಿಸಿ. ಈಗ ಟ್ರಂಕ್ ಯಾವ ದಿಕ್ಕಿಗೆ ಓಡ್ತಿದೆ ನೋಡ್ಕೊಂಡು ಅದಕ್ಕೆ ಸರಿಯಾಗಿ ಅಡ್ಡಕ್ಕೆ, ಒಡೆಯೋ ಜಾಗಕ್ಕಿಂತ ಸ್ವಲ್ಪ ಈಚೆ, ಕ್ಯಾಲಿಪರ್ ಎಳೀರಿ. ಓರೆಯಾಗಿ ಎಳೆದ್ರೆ ನಾಲ್ಕೈದು ಎಂಎಂ ಸುಮ್ನೆ ಜಾಸ್ತಿ ಬರುತ್ತೆ, ಒಡೆಯೋ ಜಾಗದ ಒಳಗೇ ಎಳೆದ್ರೆ ಇನ್ನೂ ಜಾಸ್ತಿ. ಕ್ಯಾಲಿಪರ್ ಅಲ್ಲೇ ಬಿಟ್ಟು ಅದೇ ಸ್ಲೈಸ್‌ನಲ್ಲಿ ಅಸೆಂಡಿಂಗ್ ಅಯೋರ್ಟಾ ಅಡ್ಡಳತೆನೂ ತಗೊಳ್ಳಿ. ಇಷ್ಟೇ ಕೆಲಸ, ಕಾಂಟ್ರಾಸ್ಟ್ ಇಲ್ಲದ ಎಚ್‌ಆರ್‌ಸಿಟಿಯಲ್ಲೂ (ಲಂಗ್ ನೋಡೋಕೆ ಮಾಡೋ ತೆಳು ಸ್ಲೈಸ್ ಸಿಟಿ) ಆಗುತ್ತೆ.

ನಂಬರ್ ಹೇಗೆ ಓದೋದು? ಫ್ರೇಮಿಂಗ್‌ಹ್ಯಾಮ್ ಸ್ಟಡಿಯ ಆರೋಗ್ಯವಂತರ ಸಿಟಿಗಳಿಂದ ಗಂಡಸರಿಗೆ 29 ಎಂಎಂ, ಹೆಂಗಸರಿಗೆ 27 ಎಂಎಂ, ಅಯೋರ್ಟಾ ಜೊತೆ ರೇಶಿಯೋ 0.9 ಅನ್ನೋ ಮೇಲ್ಮಿತಿ ಬಂತು, ಅದರರ್ಥ ಆರೋಗ್ಯವಾಗಿರೋರಲ್ಲೂ ಹತ್ತರಲ್ಲಿ ಒಬ್ರು ಆ ಗೆರೆ ದಾಟಿರ್ತಾರೆ. ಹಾಗಾಗಿ 28, 29, 30 ಇವೆಲ್ಲ ಬೂದು ಜಾಗ, 34, 36 ಬಂದ್ರೆ ಸುಮ್ನೆ ಬಿಡೋ ವಿಷಯ ಅಲ್ಲ. ರೇಶಿಯೋ 1 ದಾಟಿದ್ರೆ ಅನುಮಾನ ಗಟ್ಟಿ, ಅದ್ರಲ್ಲೂ 50 ವರ್ಷದ ಒಳಗಿನವರಲ್ಲಿ. ವಯಸ್ಸಾದವರಲ್ಲಿ, ಬಿಪಿ ಇರೋರಲ್ಲಿ ಅಯೋರ್ಟಾನೇ ಅಗಲ ಆಗಿರುತ್ತೆ, ಎರಡೂ ಒಟ್ಟಿಗೆ ದೊಡ್ಡದಾದ್ರೆ ರೇಶಿಯೋ 0.9 ಅಂತ ಬಂದು ನಮಗೆ ಸುಳ್ಳು ಧೈರ್ಯ ಕೊಡುತ್ತೆ, ಹಾಗಾಗಿ ಎರಡೂ ನಂಬರ್ ಬರೀರಿ. ಲಂಗ್ ಫೈಬ್ರೋಸಿಸ್ ಇರೋರಲ್ಲಂತೂ ಪ್ರೆಷರ್ ನಾರ್ಮಲ್ ಇದ್ರೂ ಆರ್ಟರಿ ಅಗಲ ಆಗಿರಬಹುದು, ಅಲ್ಲಿ ಬರೀ ಆರ್ಟರಿ ನೋಡಿ ತೀರ್ಮಾನ ಮಾಡ್ಬೇಡಿ.

ಇನ್ನೊಂದು ಸುಲಭದ ಚೆಕ್ ಇದೆ, ಲಂಗ್ ವಿಂಡೋದಲ್ಲಿ ಸೆಗ್ಮೆಂಟಲ್ ಆರ್ಟರಿ ಮತ್ತೆ ಪಕ್ಕದಲ್ಲೇ ಇರೋ ಬ್ರಾಂಕಸ್ ಹೋಲಿಸೋದು. ಎರಡೂ ಹೆಚ್ಚು ಕಮ್ಮಿ ಒಂದೇ ಸೈಜ್ ಇರ್ಬೇಕು. ಮೂರು ಅಥವಾ ಜಾಸ್ತಿ ಲೋಬ್‌ಗಳಲ್ಲಿ ಆರ್ಟರಿ ದೊಡ್ಡದು, ಜೊತೆಗೆ ಟ್ರಂಕೂ 29 ದಾಟಿದೆ ಅಂದ್ರೆ ಕಾಯಿಲೆ ಇದೆ ಅನ್ನೋದಕ್ಕೆ ಬಹಳ ಬಲವಾದ ಸಾಕ್ಷಿ.

ಹಾರ್ಟ್ ನೋಡದೆ ಮುಗಿಸ್ಬೇಡಿ

ಆರ್ಟರಿ ಅಳತೆ ಬರೀ ಶುರು, ತೀರ್ಮಾನ ಗಟ್ಟಿಯಾಗೋದು ರೈಟ್ ವೆಂಟ್ರಿಕಲ್ ನೋಡಿದ್ಮೇಲೆ. ಆಕ್ಸಿಯಲ್‌ನಲ್ಲಿ ರೈಟ್ ವೆಂಟ್ರಿಕಲ್, ಲೆಫ್ಟ್ ವೆಂಟ್ರಿಕಲ್ ಎರಡರದ್ದೂ ಅತೀ ಅಗಲದ ಒಳ ಅಳತೆ ತಗೊಳ್ಳಿ, ಬಲ ಎಡಕ್ಕಿಂತ ದೊಡ್ಡದಿದ್ರೆ ಅದು ಎಚ್ಚರಿಕೆ ಗಂಟೆ ಅಂತ ತಿಳ್ಕೊಳ್ಳಿ. ಎರಡರ ಮಧ್ಯದ ಗೋಡೆ, ಅಂದ್ರೆ ಸೆಪ್ಟಮ್, ನಾರ್ಮಲ್ ಆಗಿ ಬಲಕ್ಕೆ ಉಬ್ಬಿರುತ್ತೆ, ಅದು ನೆಟ್ಟಗಾಗಿದ್ರೆ ಅಥವಾ ಎಡಕ್ಕೆ ತಳ್ಳಿದ್ರೆ ಪ್ರೆಷರ್ ಬಲಗಡೆ ಜಾಸ್ತಿ ಆಗಿದೆ. ರೈಟ್ ವೆಂಟ್ರಿಕಲ್ ಗೋಡೆ 4 ಎಂಎಂ ದಾಟಿ ದಪ್ಪ ಆಗಿದ್ರೆ ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ಬಹಳ ದಿನದ ಕಾಯಿಲೆ. 2022ರ ಗೈಡ್‌ಲೈನ್‌ನಲ್ಲಿ ಆರ್ಟರಿ 30 ಎಂಎಂ ಅಥವಾ ಜಾಸ್ತಿ, ರೈಟ್ ವೆಂಟ್ರಿಕಲ್ ಔಟ್‌ಫ್ಲೋ ಗೋಡೆ 6 ಎಂಎಂ ಅಥವಾ ಜಾಸ್ತಿ, ಬಲ-ಎಡ ವೆಂಟ್ರಿಕಲ್ ರೇಶಿಯೋ 1 ಅಥವಾ ಜಾಸ್ತಿ, ಈ ಮೂರೂ ಸೇರಿದ್ರೆ ಬಹಳ ನಂಬಬಹುದು ಅಂತ ಬರೆದಿದ್ದಾರೆ. ಗೇಟಿಂಗ್ (ಹಾರ್ಟ್ ಬಡಿತಕ್ಕೆ ಹೊಂದಿಸಿ ಸ್ಕ್ಯಾನ್ ಮಾಡೋದು) ಇಲ್ಲದ ಸಿಟಿಯಲ್ಲಿ ಹಾರ್ಟ್ ಅಲ್ಲಾಡಿ ಗೋಡೆ ಮಸುಕಾಗಿರುತ್ತೆ, ಒಂದೆರಡು ಎಂಎಂ ಬಗ್ಗೆ ಜಗಳ ಬೇಡ, ಕಣ್ಣಿಗೆ ಕಾಣೋ ಹಾಗೆ ದಪ್ಪ ಇದ್ರೆ ಬರೀರಿ.

ಕಾಂಟ್ರಾಸ್ಟ್ ಇನ್‌ಫೀರಿಯರ್ ವೀನಾ ಕೇವಾಗೆ, ಅಲ್ಲಿಂದ ಲಿವರ್ ವೇನ್‌ಗಳಿಗೆ ವಾಪಸ್ ಹೋಗಿರೋದು ಟ್ರೈಕಸ್ಪಿಡ್ ಲೀಕಿನ ಗುರುತು, ಆದ್ರೆ ಪಲ್ಮನರಿ ಆಂಜಿಯೋಗೆ (ಆರ್ಟರಿ ನೋಡೋಕೆ ಕಾಂಟ್ರಾಸ್ಟ್ ಹಾಕಿ ಮಾಡೋ ಸಿಟಿ) ಇಂಜೆಕ್ಟರ್ ಸೆಕೆಂಡಿಗೆ 4, 5 ಎಂಎಲ್ ಜೋರಲ್ಲಿ ತಳ್ಳುತ್ತೆ, ಆಗ ನಾರ್ಮಲ್ ಇರೋರಲ್ಲೂ ಸ್ವಲ್ಪ ವಾಪಸ್ ಹೋಗುತ್ತೆ, ಇದೊಂದನ್ನೇ ನಂಬ್ಕೊಂಡು ಕೂರಂಗಿಲ್ಲ. ಪೆರಿಕಾರ್ಡಿಯಲ್ ಫ್ಲೂಯಿಡ್ ಇದ್ರೆ ತಪ್ಪದೆ ಬರೀರಿ, ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್ ಇರೋರಲ್ಲಿ ಅದು ಕಾಯಿಲೆ ಕೆಟ್ಟ ಹಂತಕ್ಕೆ ಹೋಗಿರೋ ಸೂಚನೆ.

ಈಗ ಕಾರಣ, ಇದೇ ಅಸಲಿ ಕೆಲಸ

ಪಲ್ಮನರಿ ಹೈಪರ್‌ಟೆನ್ಷನ್ ಅಂತ ಬರೆದು ಕೈ ತೊಳ್ಕೊಂಡ್ರೆ ಅರ್ಧ ಕೆಲಸ ಅಷ್ಟೇ. ಕಾಯಿಲೆನ ಐದು ಗ್ರೂಪ್ ಮಾಡಿದ್ದಾರೆ, ಆರ್ಟರಿಯದ್ದೇ ಕಾಯಿಲೆ ಮೊದಲನೇದು, ಎಡ ಹಾರ್ಟ್‌ನಿಂದ ಬಂದಿದ್ದು ಎರಡು, ಲಂಗ್ ಕಾಯಿಲೆಯಿಂದ ಬಂದಿದ್ದು ಮೂರು, ಹಳೆ ಕ್ಲಾಟ್‌ನಿಂದ ಬಂದಿದ್ದು ನಾಲ್ಕು, ಉಳಿದದ್ದೆಲ್ಲ ಐದು. ಟ್ರೀಟ್‌ಮೆಂಟ್ ಒಂದೊಂದಕ್ಕೂ ಬೇರೆ ಬೇರೆ, ಒಂದರ ಔಷಧಿ ಇನ್ನೊಂದಕ್ಕೆ ಅಪಾಯ ಆಗಬಹುದು.

ಎಲ್ಲಕ್ಕಿಂತ ಜಾಸ್ತಿ ಸಿಗೋದು ಎಡ ಹಾರ್ಟ್. ಲೆಫ್ಟ್ ಏಟ್ರಿಯಮ್ ದೊಡ್ಡದಿದ್ಯಾ ನೋಡಿ. ನಮ್ಮಲ್ಲಿ ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ ಇನ್ನೂ ಹೋಗಿಲ್ಲ, ಎಕ್ಸ್‌ರೇಲೇ ಹಿಡಿಯಬಹುದು: ಎಡ ಅಂಚು ನೆಟ್ಟಗಾಗಿ ಅಪೆಂಡೇಜ್ ಉಬ್ಬಿರುತ್ತೆ, ಬಲ ಅಂಚಿನ ಒಳಗೆ ಇನ್ನೊಂದು ಅಂಚು ಕಾಣುತ್ತೆ, ಕರೈನಾ ಕೋನ ಅಗಲ ಆಗಿರುತ್ತೆ, ಮೇಲಿನ ವೇನ್‌ಗಳು ಕೆಳಗಿನವಕ್ಕಿಂತ ದಪ್ಪ, ಕೆಳಗೆ ಹೊರ ಅಂಚಲ್ಲಿ ಕರ್ಲಿ ಬಿ ಅನ್ನೋ ಸಣ್ಣ ಅಡ್ಡ ಗೆರೆಗಳು. ಇವರಲ್ಲಿ ಧ್ವನಿ ಒಡೆದಿದ್ರೂ ಕೇಳಿ, ದೊಡ್ಡದಾದ ಆರ್ಟರಿ ಎಡ ರಿಕರೆಂಟ್ ಲ್ಯಾರಿಂಜಿಯಲ್ ನರನ ಒತ್ತೋದ್ರಿಂದ ಹಾಗಾಗುತ್ತೆ, ನಾರ್ಬರ್ಟ್ ಓರ್ಟ್‌ನರ್ 1897ರಲ್ಲೇ ಮೈಟ್ರಲ್ ಸ್ಟೆನೋಸಿಸ್ ಪೇಷಂಟ್‌ಗಳಲ್ಲಿ ಧ್ವನಿ ಹೋಗಿದ್ದನ್ನ ಬರೆದಿಟ್ಟಿದ್ದಾರೆ. ಬಿಪಿ, ಶುಗರ್, ತೂಕ ಮೂರೂ ಇರೋ ವಯಸ್ಸಾದ ಪೇಷಂಟಲ್ಲಿ ಪಂಪಿಂಗ್ ನಾರ್ಮಲ್ ಅಂತ ಎಕೋಲಿ ಬಂದಿದ್ರೂ ಲೆಫ್ಟ್ ಏಟ್ರಿಯಮ್ ದೊಡ್ಡದಿದ್ರೆ ಎಡ ಹಾರ್ಟನ್ನೇ ಮೊದಲು ಅನುಮಾನಿಸಿ.

ಲಂಗ್ ಕಾಯಿಲೆ ಗುರುತಿಸೋದು ಸುಲಭ, ಎಂಫಿಸೀಮಾ, ಫೈಬ್ರೋಸಿಸ್, ಟಿಬಿಯಿಂದ ಹಾಳಾದ ಲಂಗ್, ಬ್ರಾಂಕಿಯೆಕ್ಟಸಿಸ್ ಇವೆಲ್ಲ ಕಣ್ಣಿಗೆ ಹೊಡೆಯುತ್ತೆ. ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇಷ್ಟು ಲಂಗ್ ಕಾಯಿಲೆಗೆ ಇಷ್ಟು ದೊಡ್ಡ ರೈಟ್ ವೆಂಟ್ರಿಕಲ್ ಬರುತ್ತಾ? ಲಂಗ್ ಸ್ವಲ್ಪವೇ ಕೆಟ್ಟಿದೆ, ಹಾರ್ಟ್ ತುಂಬಾ ಕೆಟ್ಟಿದೆ ಅಂದ್ರೆ ಬೇರೆ ಕಾರಣನೂ ಇದೆ, ಹುಡುಕಾಟ ನಿಲ್ಲಿಸ್ಬೇಡಿ.

ನಾನು ಅತೀ ಹೆಚ್ಚು ಒತ್ತಿ ಹೇಳೋದು ನಾಲ್ಕನೇ ಗ್ರೂಪ್ ಬಗ್ಗೆ, ಹಳೆ ಕ್ಲಾಟ್, ಯಾಕಂದ್ರೆ ಆಪರೇಷನ್ ಮಾಡಿ ಗುಣ ಮಾಡೋ ಸಾಧ್ಯತೆ ಇರೋ ಗ್ರೂಪ್ ಇದು. ಹೊಸ ಕ್ಲಾಟ್ ಆರ್ಟರಿ ಮಧ್ಯದಲ್ಲಿ ಕೂತು ಆರ್ಟರಿನ ಉಬ್ಬಿಸುತ್ತೆ, ಹಳೇದು ಗೋಡೆಗೆ ಒಂದು ಪಕ್ಕ ಅಂಟಿ ಆರ್ಟರಿನ ಕುಗ್ಗಿಸುತ್ತೆ, ಒಳಗೆ ಸಣ್ಣ ದಾರದಂಥ ಗೆರೆಗಳು, ಬಲೆ ಥರದ್ದು ಕಾಣುತ್ತೆ, ಕೆಲವು ಆರ್ಟರಿ ಇದ್ದಕ್ಕಿದ್ದ ಹಾಗೆ ಕಡಿದು ನಿಲ್ಲುತ್ತೆ. ಬ್ರಾಂಕಿಯಲ್ ಆರ್ಟರಿಗಳು 2 ಎಂಎಂ ದಾಟಿ ದಪ್ಪ ಆಗಿರ್ತವೆ, ಪ್ಲೂರಾ ಹತ್ರ ಹಳೆ ಇನ್‌ಫಾರ್ಕ್ಟ್ ಗಾಯದ ಗೆರೆ ಇರುತ್ತೆ. ಲಂಗ್ ವಿಂಡೋದಲ್ಲಿ ಮೊಸಾಯಿಕ್, ಕಪ್ಪು ತುಂಡು ಬೂದು ತುಂಡು ಚೂರು ಚೂರಾಗಿ, ಕಪ್ಪು ತುಂಡಿನೊಳಗೆ ವೆಸೆಲ್‌ಗಳು ಸಣ್ಣ.

ಈ ಮೊಸಾಯಿಕ್ ವಿಷಯದಲ್ಲೇ ಒಂದು ಕೇಸ್ ಹೇಳ್ಬೇಕು, ಎಲ್ಲಿ ಯಾರು ಅನ್ನೋದು ಬೇಡ. ನಲವತ್ತರ ಆಸುಪಾಸಿನ ಹೆಂಗಸು, ಮೆಟ್ಟಿಲು ಹತ್ತೋಕಾಗಲ್ಲ, ಬಹಳ ದಿನದಿಂದ ಆಸ್ತಮಾ ಅಂತ ಇನ್‌ಹೇಲರ್ ಎಳೀತಿದ್ರು. ಎಚ್‌ಆರ್‌ಸಿಟಿ ರಿಪೋರ್ಟಲ್ಲಿ ಮೊಸಾಯಿಕ್ ಅಟೆನ್ಯುಯೇಷನ್, ಸ್ಮಾಲ್ ಏರ್‌ವೇ ಡಿಸೀಸ್ ಇರಬಹುದು ಅಂತ ಬರೆದು ಬಿಟ್ಟಿದ್ರು, ಅದು ಆಸ್ತಮಾ ಅನ್ನೋ ಲೇಬಲ್‌ಗೆ ಸರಿಯಾಗಿ ಹೊಂದ್ಕೊಳ್ತು, ಯಾರೂ ಮುಂದೆ ಕೇಳ್ಲಿಲ್ಲ. ಅದೇ ಸಿಟಿಯಲ್ಲಿ ಟ್ರಂಕ್ 36 ಎಂಎಂ, ಅಯೋರ್ಟಾ 28. ಉಸಿರು ಬಿಟ್ಟಾಗಿನ ಸ್ಕ್ಯಾನಲ್ಲಿ ಗಾಳಿ ಸಿಕ್ಕಾಕೊಂಡಿರ್ಲಿಲ್ಲ, ಅಂದ್ರೆ ಕಪ್ಪು ತುಂಡು ಏರ್‌ವೇದಲ್ಲ ರಕ್ತ ಹೋಗದೆ ಇರೋದ್ರಿಂದ ಆಗಿದ್ದು. ವಿಕ್ಯೂ ಸ್ಕ್ಯಾನ್ (ಲಂಗ್‌ನಲ್ಲಿ ಗಾಳಿ ಎಲ್ಲಿ ಹೋಗುತ್ತೆ, ರಕ್ತ ಎಲ್ಲಿ ಹೋಗುತ್ತೆ ಅಂತ ತೋರ್ಸೋದು) ಮಾಡಿಸಿದಾಗ ಎರಡೂ ಕಡೆ ದೊಡ್ಡ ದೊಡ್ಡ ಮಿಸ್‌ಮ್ಯಾಚ್, ಅಂದ್ರೆ ಗಾಳಿ ಹೋಗ್ತಿದೆ ರಕ್ತ ಹೋಗ್ತಿಲ್ಲ. ಮೊಸಾಯಿಕ್ ಕಂಡಾಗೆಲ್ಲ ಟ್ರಂಕ್ ಅಳತೆ ತಗೊಳ್ಳಿ ಅಂತ ನಾನು ಪಿಜಿಗಳಿಗೆ ಹೇಳೋದು ಇದಕ್ಕೇ.

ವಿಕ್ಯೂ ಸ್ಕ್ಯಾನ್ ನಾರ್ಮಲ್ ಬಂದ್ರೆ ಹಳೆ ಕ್ಲಾಟ್ ಕಾರಣ ಅಲ್ಲ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು, ಪಲ್ಮನರಿ ಆಂಜಿಯೋ ಒಂದನ್ನೇ ನೋಡಿ ಹೇಳೋಕೆ ಪಳಗಿದ ಕಣ್ಣು ಬೇಕು. ಬ್ಲಡ್ ಥಿನ್ನರ್ ಸರಿಯಾಗಿ ಮೂರು ತಿಂಗಳು ಕೊಟ್ಟ ಮೇಲೂ ಕ್ಲಾಟು, ಪ್ರೆಷರ್ ಉಳಿದಿದ್ರೆ ಮಾತ್ರ ಈ ಡಯಾಗ್ನೋಸಿಸ್. ಆಪರೇಷನ್ ಹೆಸರು ಪಲ್ಮನರಿ ಎಂಡಾರ್ಟರೆಕ್ಟಮಿ, ಬೆಂಗಳೂರಲ್ಲೂ ಮಾಡ್ತಾರೆ, ಆಪರೇಷನ್ ಆಗದವರಿಗೆ ಬಲೂನ್ ಆಂಜಿಯೋಪ್ಲಾಸ್ಟಿ ಇದೆ.

ಇನ್ನು ಕಮ್ಮಿ ಸಿಗುತ್ತೆ ಆದ್ರೆ ಬಿಟ್ರೆ ಜೀವಕ್ಕೆ ಕುತ್ತು ಅನ್ನೋದು ಪಲ್ಮನರಿ ವೀನೋ-ಆಕ್ಲೂಸಿವ್ ಡಿಸೀಸ್, ಲಂಗ್‌ನ ಸಣ್ಣ ವೇನ್‌ಗಳು ಮುಚ್ಚಿಹೋಗೋ ಕಾಯಿಲೆ. ಆರ್ಟರಿ ದೊಡ್ಡದು, ರೈಟ್ ವೆಂಟ್ರಿಕಲ್ ದೊಡ್ಡದು, ಲೆಫ್ಟ್ ಏಟ್ರಿಯಮ್ ಮಾತ್ರ ನಾರ್ಮಲ್, ಆದ್ರೂ ಲಂಗ್‌ನಲ್ಲಿ ಸೆಪ್ಟಲ್ ಗೆರೆಗಳಿವೆ (ಕರ್ಲಿ ಬಿ ಥರದ್ದೇ), ಸೆಂಟ್ರಿಲೋಬ್ಯುಲರ್ ಗ್ರೌಂಡ್ ಗ್ಲಾಸ್ ಚುಕ್ಕೆಗಳಿವೆ, ಮೆಡಿಯಾಸ್ಟೈನಲ್ ನೋಡ್ ದಪ್ಪ ಇದೆ. ಈ ಮೂರು ಒಟ್ಟಿಗೆ ಕಂಡ್ರೆ ರಿಪೋರ್ಟಲ್ಲಿ ಹೆಸರು ಹೇಳಿ ಬರೀರಿ, ಯಾಕಂದ್ರೆ ಇವರಿಗೆ ಸಾಮಾನ್ಯ ವಾಸೋಡೈಲೇಟರ್ (ರಕ್ತನಾಳ ಅಗಲ ಮಾಡೋ ಔಷಧಿ, ಸಿಲ್ಡೆನಾಫಿಲ್ ಥರದ್ದು) ಕೊಟ್ರೆ ಲಂಗ್‌ನಲ್ಲಿ ನೀರು ತುಂಬ್ಕೊಂಡು ಪ್ರಾಣಕ್ಕೇ ಬರಬಹುದು. ಏದುಸಿರಿಗೆ ಕಾರಣ ಗೊತ್ತಿಲ್ಲದೆ ಸಿಲ್ಡೆನಾಫಿಲ್ ಶುರು ಮಾಡೋ ಅಭ್ಯಾಸ ಕೆಲವು ಕಡೆ ಇದೆ, ದಯವಿಟ್ಟು ಬೇಡ.

ಎಲ್ಲ ನೋಡಿ ಏನೂ ಸಿಗ್ಲಿಲ್ಲ ಅಂದ್ರೆ ಅಂಚುಗಳಿಗೆ ಹೋಗಿ. ಈಸೋಫೇಗಸ್ ಉದ್ದಕ್ಕೂ ಅಗಲ ಆಗಿ ಗಾಳಿ ತುಂಬಿದ್ಯಾ, ಸ್ಕ್ಲೀರೋಡರ್ಮಾ (ಚರ್ಮ ಗಟ್ಟಿಯಾಗೋ ಕಾಯಿಲೆ) ಯೋಚ್ನೆ ಮಾಡಿ, ಬೆರಳು ಚಳಿಗೆ ಬಿಳಿ-ನೀಲಿ ಆಗುತ್ತಾ ಕೇಳಿ. ಕೊನೆ ಸ್ಲೈಸ್‌ಗಳಲ್ಲಿ ಲಿವರ್ ಅಂಚು ಉಬ್ಬುತಗ್ಗಾಗಿದ್ಯಾ, ಸ್ಪ್ಲೀನ್ ದೊಡ್ಡದಿದ್ಯಾ, ಪೋರ್ಟಲ್ ಹೈಪರ್‌ಟೆನ್ಷನ್ ಇರೋರಿಗೂ ಇದು ಬರುತ್ತೆ. ಸ್ಪ್ಲೀನ್ ಇಲ್ವೇ ಇಲ್ಲ, ತೆಗೆದುಬಿಟ್ಟಿದ್ದಾರೆ ಅಂದ್ರೆ ಹಳೆ ಕ್ಲಾಟ್ ಗ್ರೂಪ್‌ಗೆ ಅದೊಂದು ರಿಸ್ಕ್. ವರ್ಟಿಬ್ರಾ ಇಂಗ್ಲಿಷ್ ಎಚ್ ಆಕಾರದಲ್ಲಿದ್ರೆ ಸಿಕಲ್ ಸೆಲ್. ಮತ್ತೆ ಸುಪೀರಿಯರ್ ವೀನಾ ಕೇವಾ ಹಾರ್ಟಿಗೆ ಸೇರೋ ಜಾಗ ತಪ್ಪದೆ ನೋಡಿ, ಬಲ ಮೇಲಿನ ಪಲ್ಮನರಿ ವೇನ್ ಅದಕ್ಕೇ ಬಂದು ಸೇರ್ಕೊಂಡಿದ್ರೆ ಸೈನಸ್ ವೀನೋಸಸ್ ಎಎಸ್‌ಡಿ ಇರುತ್ತೆ, ಎದೆ ಮೇಲಿಂದ ಮಾಡೋ ಎಕೋಲಿ ಇದು ಸುಲಭವಾಗಿ ತಪ್ಪಿಸ್ಕೊಳ್ಳುತ್ತೆ, ಸಿಟಿಯಲ್ಲಿ ಚೆನ್ನಾಗಿ ಕಾಣುತ್ತೆ.

ರಿಪೋರ್ಟ್ ಹೇಗೆ ಬರೆಯೋದು, ಯಾರಿಗೆ ಫೋನ್ ಮಾಡೋದು

ಪ್ರಾಮಿನೆಂಟ್ ಪಲ್ಮನರಿ ಆರ್ಟರಿ ಅಂತ ಮಧ್ಯದಲ್ಲೆಲ್ಲೋ ಒಂದು ಲೈನ್ ಹಾಕಿ ಇಂಪ್ರೆಷನ್‌ನಲ್ಲಿ ಬಿಟ್ರೆ ಯಾರೂ ಓದಲ್ಲ. ಟ್ರಂಕ್ ಇಷ್ಟು, ಅಯೋರ್ಟಾ ಇಷ್ಟು, ರೈಟ್ ವೆಂಟ್ರಿಕಲ್ ಹೀಗಿದೆ, ಸೆಪ್ಟಮ್ ಹೀಗಿದೆ, ಪಲ್ಮನರಿ ಹೈಪರ್‌ಟೆನ್ಷನ್ ಅನುಮಾನ, ಲಂಗ್‌ನಲ್ಲಿ ಇದು, ಲೆಫ್ಟ್ ಏಟ್ರಿಯಮ್ ಇಷ್ಟು, ಹಳೆ ಕ್ಲಾಟ್ ಗುರುತು ಇದೆ ಅಥವಾ ಇಲ್ಲ, ಎಕೋ ಮಾಡಿಸಿ ಅಂತ ಇಂಪ್ರೆಷನ್‌ನಲ್ಲೇ ಬರೀರಿ. ಕಾಂಟ್ರಾಸ್ಟ್ ಇಲ್ಲದ ಸಿಟಿ ಆದ್ರೆ ಕ್ಲಾಟ್ ಬಗ್ಗೆ ಹೇಳೋಕಾಗಲ್ಲ ಅಂತ ಸ್ಪಷ್ಟವಾಗಿ ಬರೀರಿ, ಇಲ್ದಿದ್ರೆ ಕ್ಲಾಟ್ ಇಲ್ಲ ಅಂತ ಓದ್ಕೊಳ್ತಾರೆ. ಎಕೋಲಿ ಟ್ರೈಕಸ್ಪಿಡ್ ಜೆಟ್ ವೇಗ ಸೆಕೆಂಡಿಗೆ 2.8 ಮೀಟರ್ ಒಳಗಿದ್ದು ಬೇರೆ ಗುರುತೂ ಇಲ್ಲ ಅಂದ್ರೆ ಸಾಧ್ಯತೆ ಕಮ್ಮಿ, 3.4 ದಾಟಿದ್ರೆ ಜಾಸ್ತಿ, ಮಧ್ಯದಲ್ಲಿದ್ರೆ ರೈಟ್ ವೆಂಟ್ರಿಕಲ್, ಸೆಪ್ಟಮ್ ಎಲ್ಲ ಸೇರಿಸಿ ಕಾರ್ಡಿಯಾಲಜಿಸ್ಟ್ ತೀರ್ಮಾನ ಮಾಡ್ತಾರೆ. ಎಕೋ ನಾರ್ಮಲ್ ಅಂತ ವಾಪಸ್ ಬಂದು ಸಿಟಿಯಲ್ಲಿ ರೈಟ್ ವೆಂಟ್ರಿಕಲ್ ದೊಡ್ಡದಾಗೇ ಇದ್ರೆ ಎಕೋ ಮಾಡಿದವರ ಜೊತೆ ಸಿಟಿ ಇಮೇಜ್ ಇಟ್ಕೊಂಡು ಮಾತಾಡಿ.

ಅದೇ ದಿನ ಫೋನ್ ಎತ್ಬೇಕಾದವರು ಯಾರಂದ್ರೆ, ನಡೆಯುವಾಗ ತಲೆ ತಿರುಗಿ ಬಿದ್ದಿರೋ ಹಿಸ್ಟರಿ ಇದ್ದು ರೈಟ್ ವೆಂಟ್ರಿಕಲ್ ದೊಡ್ಡದಿರೋರು, ಹೊಸ ಕ್ಲಾಟ್ ಮೇಲೆ ಹಳೇದರ ಗುರುತೂ ಇರೋರು, ವೀನೋ-ಆಕ್ಲೂಸಿವ್ ಅನುಮಾನ ಇದ್ದು ಆಗಲೇ ಔಷಧಿ ಶುರುವಾಗಿರೋರು, ಈ ಕಾಯಿಲೆ ಅನುಮಾನ ಇರೋ ಗರ್ಭಿಣಿಯರು, ಮತ್ತೆ ಟ್ರಂಕ್ 40 ಎಂಎಂ ದಾಟಿ ಎದೆನೋವು ಇರೋರು, ಯಾಕಂದ್ರೆ ಅಷ್ಟು ದೊಡ್ಡ ಆರ್ಟರಿ ಪಕ್ಕದ ಲೆಫ್ಟ್ ಮೇನ್ ಕರೋನರಿನ ಒತ್ತಬಹುದು. ಅವರ ಸಿಟಿಯಲ್ಲಿ ಟ್ರಂಕ್‌ಗೂ ಅಯೋರ್ಟಾಗೂ ಮಧ್ಯೆ ಲೆಫ್ಟ್ ಮೇನ್ ಹೇಗೆ ಹಾದು ಹೋಗಿದೆ ನೋಡಿ, ಮಸುಕಾಗಿದ್ರೆ ಗೇಟೆಡ್ ಕರೋನರಿ ಸಿಟಿ ಕೇಳಿ.